ಘಾಟಿ ಹತ್ತುವಾಗ ಬೈಕ್ ಎಳೀತಿಲ್ವಾ? ಬೋರ್ ಬಿಚ್ಚಿಸೋಕೆ ಮೊದಲು ಇದನ್ನ ನೋಡಿ

ನನ್ನದು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ 100 ಸಿಸಿ ಬೈಕು. ನಾವಿರೋದು ತೀರ್ಥಹಳ್ಳಿ ಹತ್ತಿರ, ತಂಗಿಯ ಮನೆ ಹೆಬ್ರಿ ಕಡೆ, ಹಾಗಾಗಿ ಆಗುಂಬೆ ಘಾಟಿ ಇಳಿದು ಹತ್ತೋದು ಮಾಮೂಲು. ಮಳೆಗಾಲ ಮುಗಿಯುವ ಹೊತ್ತಿಗೆ ಬೈಕು ಕೈಕೊಡೋಕೆ ಶುರುವಾಯಿತು. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಘಾಟಿಯ ಬುಡದ ಸೋಮೇಶ್ವರ ದಾಟಿ ಒಂದಷ್ಟು ತಿರುವು ಹತ್ತಿದ ಕೂಡಲೇ ಪಿಕಪ್ ಸತ್ತುಹೋಗುತ್ತಿತ್ತು. ಎರಡನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಗಾಡಿ ಒಂದನೇ ಗೇರಿಗೂ ತಿಣುಕುತ್ತಿತ್ತು. ಬದಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಮತ್ತೆ ಸರಿ!

ಗ್ಯಾರೇಜಿನ ಅಣ್ಣ ಕೇಳಿದ ತಕ್ಷಣ "ಬೋರ್ ಹೋಗಿರ್ಬೇಕು ಮಾರಾಯ್ರೆ" ಅಂದರು, ಅಂದರೆ ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಸಿಲಿಂಡರ್ ಸವೆದಿದೆ ಅಂತ. ನನಗೆ ಒಪ್ಪಿಗೆ ಆಗಲಿಲ್ಲ. ಬೋರ್, ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಕಡಿಮೆಯಾಗಬೇಕು, ನೀಲಿ ಹೊಗೆ ಬರಬೇಕು, ಕಿಕ್ಕರ್ ಒತ್ತಿದರೆ ಸಡಿಲ ಅನ್ನಿಸಬೇಕು. ಇದ್ಯಾವುದೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸವೆದ ಬೋರ್ ಹತ್ತು ನಿಮಿಷ ನಿಲ್ಲಿಸಿದರೆ ಸರಿಯಾಗೋದಿಲ್ಲ ಅಲ್ವಾ? ಇನ್ನೊಬ್ಬರು ಘಾಟಿ ಎತ್ತರ, ಅಲ್ಲಿ ಗಾಳಿ ತೆಳು ಅಂದರು. ಆಗುಂಬೆ ಇರೋದು 600 ಮೀಟರಿಗಿಂತ ಸ್ವಲ್ಪ ಮೇಲೆ. ನೂರು ಮೀಟರಿಗೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಗಾಳಿ ತೆಳುವಾಗುತ್ತದೆ. ಅಷ್ಟಕ್ಕೆಲ್ಲ ಗಾಡಿ ಒಂದನೇ ಗೇರಿಗೆ ಬರೋದಿಲ್ಲ.

ಹಾಗಾಗಿ ಹೊರಗಿನಿಂದ ಶುರುಮಾಡಿದೆ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದೆ, ಬ್ರೇಕ್ ಹಿಡಿದಿರಲಿಲ್ಲ. ಎಂಜಿನ್ ಸುಮ್ನೆ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ನನ್ನದರಲ್ಲಿ ಎಂಜಿನ್ನೇ ಕುಗ್ಗುತ್ತಿತ್ತು. ಏರ್ ಫಿಲ್ಟರ್ ಸ್ವಲ್ಪ ಕೊಳೆಯಾಗಿತ್ತು, ಅದನ್ನು ಬದಲಾಯಿಸಿದೆ, ವ್ಯತ್ಯಾಸ ಕಾಣಲಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿತ್ತು. ಅಲ್ಲಿ ನನಗೆ ದಾರಿ ಸಿಕ್ಕಿತು. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ ತಿಳಿ ಕಂದು ಇರುತ್ತದೆ, ಪೆಟ್ರೋಲ್ ಜಾಸ್ತಿಯಾದರೆ ಮಸಿ ಹಿಡಿದಂತೆ ಕಪ್ಪು, ಕಡಿಮೆಯಾದರೆ ಬಿಳಿ.

ಖಚಿತ ಮಾಡಿಕೊಳ್ಳೋಕೆ ಘಾಟಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಿದೆ. ಗಾಡಿ ಕುಗ್ಗತೊಡಗಿದಾಗ ಚೋಕ್ (ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್) ಅರ್ಧ ಎಳೆದೆ. ತಕ್ಷಣ ಸ್ವಲ್ಪ ಜೀವ ಬಂತು. ಚೋಕ್ ಎಳೆದಾಗ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಒಳಗೆ ಸೇರುತ್ತಿದೆ. ಇನ್ನೂ ಹಾಳಾದರೆ ಆಗ ಏರ್ ಫಿಲ್ಟರ್ ಕಡೆ ನೋಡಬೇಕು. ಎಳೆದ ಚೋಕನ್ನು ಹಾಗೇ ಬಿಟ್ಟು ಓಡಿಸಬೇಡಿ, ಇದು ಪತ್ತೆ ಹಚ್ಚೋಕೆ ಮಾತ್ರ.

ಮನೆಗೆ ಬಂದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂಗಳದಲ್ಲಿ ಕಾರ್ಬೊರೇಟರಿನ ಪೈಪ್ ಕಳಚಿ ಬಾಟಲಿಗೆ ಬಿಟ್ಟು ಟ್ಯಾಂಕಿನ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ತಿರುಗಿಸಿದೆ. (ಒಲೆ, ಬೀಡಿ, ಬೆಂಕಿ ಯಾವುದೂ ಹತ್ತಿರ ಇರಬಾರದು.) ಮೊದಲು ಪೆಟ್ರೋಲ್ ಧಾರೆಯಾಗಿ ಇಳಿಯಿತು. ಅರ್ಧ ಬಾಟಲಿ ತುಂಬುವಷ್ಟರಲ್ಲಿ ಧಾರೆ ನೂಲಿನಷ್ಟಾಯಿತು, ಆಮೇಲೆ ತೊಟ್ಟಿಕ್ಕತೊಡಗಿತು. ಬಾಟಲಿ ಹಿಡಿದುಕೊಂಡೇ ಟ್ಯಾಂಕಿನ ಮುಚ್ಚಳ ತೆಗೆದೆ. "ಸುಸ್" ಅಂತ ಗಾಳಿ ಒಳಗೆ ನುಗ್ಗಿತು, ಧಾರೆ ಮತ್ತೆ ಮೊದಲಿನಂತೆ ದಪ್ಪವಾಯಿತು. ಅಲ್ಲಿಗೆ ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು.

ಮುಚ್ಚಳದಲ್ಲಿ ಗಾಳಿಯಾಡೋಕೆ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಅದರಿಂದ ಒಳಗೆ ಬರಬೇಕು. ನಮ್ಮ ತೋಟದ ದಾರಿಯ ಕೆಮ್ಮಣ್ಣು, ಬಿಡದೆ ಹೊಡೆದ ಮಳೆ, ಒಳಗಿನ ತುಕ್ಕು ಎಲ್ಲ ಸೇರಿ ಅದು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಸಮತಟ್ಟಿನಲ್ಲಿ ಎಂಜಿನ್ನಿಗೆ ಬೇಕಾಗೋದು ಕಡಿಮೆ, ರಬ್ಬರ್ ವಾಷರಿನ ಸಂದಿಯಿಂದ ನುಸುಳುವ ಗಾಳಿಯಲ್ಲೇ ಹೇಗೋ ನಡೆಯುತ್ತಿತ್ತು. ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಸಾಲುತ್ತಿರಲಿಲ್ಲ, ನಿಲ್ಲಿಸಿದರೆ ನಿಧಾನಕ್ಕೆ ಗಾಳಿ ತುಂಬಿಕೊಂಡು ಮತ್ತೆ ಸರಿಯಾಗುತ್ತಿತ್ತು. ಟ್ಯಾಂಕಿಗೆ ರೆಕ್ಸಿನ್ ಕವರ್ ಹಾಕಿಸಿದವರು, ಮಳೆಗೆ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟುವವರು ಇದನ್ನು ಮೊದಲು ನೋಡಿ.

ಮುಚ್ಚಳವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ತೆಳ್ಳಗಿನ ತಾಮ್ರದ ತಂತಿ ಹಾಕಿ, ಪಂಪಿನಿಂದ ಗಾಳಿ ಹೊಡೆದೆ. ಕಂದು ರಾಡಿ ಹೊರಬಂತು. ಬಿಚ್ಚಿದ್ದೇ ಆಯಿತಲ್ಲ ಅಂತ ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದರಲ್ಲಿದ್ದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿದೆ. ತಳದಲ್ಲಿ ನೀರಿನ ಗುಂಡುಗಳು, ಜೊತೆಗೆ ತುಕ್ಕಿನ ಪುಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಸ್ವಲ್ಪ ನೀರನ್ನು ತನ್ನಲ್ಲೇ ಸೇರಿಸಿಕೊಳ್ಳುತ್ತದೆ, ಜಾಸ್ತಿಯಾದರೆ ನೀರು ಎಥನಾಲ್ ಎರಡೂ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕ್ ಇರೋದೂ ತಳದಲ್ಲೇ. ಅದಕ್ಕೇ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ, ತುಂಬಿಸಿಡಿ.

ಆಮೇಲೆ ಸೋಮೇಶ್ವರದಿಂದ ಹಿಂದೆ ಹೆಂಡತಿಯನ್ನೂ ಕೂರಿಸಿಕೊಂಡು ಹತ್ತಿದೆ. 14 ತಿರುವುಗಳಲ್ಲಿ ಎಲ್ಲೂ ನಿಲ್ಲಲಿಲ್ಲ, ಕಡಿದಾದ ಕಡೆ ಬಿಟ್ಟರೆ ಎರಡನೇ ಗೇರಿನಲ್ಲೇ ಬಂತು. ಬೆಳ್ಳಗಾಗಿದ್ದ ಪ್ಲಗ್ ತೆಗೆದು ಹೊಸದು ಹಾಕಿದ್ದೇನೆ, ಒಂದಷ್ಟು ಓಡಿಸಿ ಅದರ ಬಣ್ಣ ನೋಡಬೇಕು. ಹೀಗೆ ಪೆಟ್ರೋಲ್ ಸಾಲದೆ ತುಂಬಾ ದಿನ ಓಡಿಸಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಆಗ ಪಿಸ್ಟನ್ ನಿಜವಾಗಿಯೂ ಹೋಗಬಹುದು.