ಸಿಯಾಟಲ್ ಸೀಮೆಯ ಬೇಸಿಗೆ: ಹೊಸದಾಗಿ ಬಂದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಪ್ರತಿ ತಿಂಗಳ ಮೂರನೆಯ ಗುರುವಾರ ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಮುಂದಿನ ಮೂರು ತಿಂಗಳ ಹವಾಮಾನ ಮುನ್ನೋಟವನ್ನು ಹೊರಡಿಸುತ್ತದೆ. ಮೇ ತಿಂಗಳ ನಕ್ಷೆಯಲ್ಲಿ ವಾಷಿಂಗ್ಟನ್ ರಾಜ್ಯದ ಮೇಲೆ ಕಿತ್ತಳೆ ಬಣ್ಣ ಕಂಡೊಡನೆ, ಈ ಸಲ ವಿಪರೀತ ಬಿಸಿಲಂತೆ ಎಂದು ಹೊಸಬರು ಊರಿನಿಂದ ಬರಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ತಿಳಿಸುವುದುಂಟು. ಆದರೆ ಆ ಬಣ್ಣದ ಅರ್ಥ ಇಷ್ಟೇ: ತಾಪಮಾನ ವಾಡಿಕೆಗಿಂತ ಹೆಚ್ಚು, ವಾಡಿಕೆಯ ಆಸುಪಾಸು, ವಾಡಿಕೆಗಿಂತ ಕಡಿಮೆ ಎಂಬ ಮೂರು ಸಾಧ್ಯತೆಗಳಲ್ಲಿ ಮೊದಲನೆಯದರ ಕಡೆಗೆ ತಕ್ಕಡಿ ಸ್ವಲ್ಪ ವಾಲಿದೆ. ಎಷ್ಟು ಡಿಗ್ರಿ ಹೆಚ್ಚು, ಯಾವ ವಾರದಲ್ಲಿ ಹೆಚ್ಚು ಎಂಬುದನ್ನು ಅದು ಹೇಳುವುದಿಲ್ಲ. ವಾಡಿಕೆ ಎಂದರೆ 1991ರಿಂದ 2020ರವರೆಗಿನ ಸರಾಸರಿ. ಮಳೆಯ ನಕ್ಷೆಯನ್ನಂತೂ ನಗರದಲ್ಲಿರುವವರು ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಸಿಯಾಟಲ್‌ನಲ್ಲಿ ಜುಲೈ ತಿಂಗಳ ವಾಡಿಕೆ ಮಳೆಯೇ ಸುಮಾರು 15 ಮಿಲಿಮೀಟರ್ ಆಗಿರುವಾಗ ಅದು ಇನ್ನಷ್ಟು ಕಡಿಮೆಯಾದರೂ ನಿಮ್ಮ ದಿನಚರಿಗೆ ಏನೂ ವ್ಯತ್ಯಾಸವಾಗದು. ಆ ಕೊರತೆ ಕಾಡುವುದು ಬೆಟ್ಟದ ಕಾಡುಗಳನ್ನು, ಕಾಡ್ಗಿಚ್ಚಿನ ಹೊಗೆಯ ಮೂಲಕ ಬೇಸಿಗೆಯ ಕೊನೆಯಲ್ಲಿ ನಮ್ಮನ್ನು.

ನಮ್ಮ ನಾಡಿನಲ್ಲಿ ಜೂನ್‌ನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಇಲ್ಲಿ ಮಳೆ ಹಿಂದೆ ಸರಿಯುತ್ತದೆ. ಪೆಸಿಫಿಕ್ ಸಾಗರದ ಮೇಲಿನ ಅಧಿಕ ಒತ್ತಡದ ವಲಯವು ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ನಿಂತು, ಚಳಿಗಾಲದಲ್ಲಿ ನಮ್ಮ ಮೇಲೆ ಸಾಲುಗಟ್ಟಿ ಬರುತ್ತಿದ್ದ ಮಳೆಮೋಡಗಳನ್ನು ಅಲಾಸ್ಕದ ಕಡೆಗೆ ತಿರುಗಿಸುವುದೇ ಇದಕ್ಕೆ ಕಾರಣ. ಹಾಗೆಂದು ಜೂನ್ ಒಂದರಂದೇ ಬಿಸಿಲನ್ನು ನಿರೀಕ್ಷಿಸಬೇಡಿ. ಆ ತಿಂಗಳಲ್ಲಿ ಕಡಲ ಮೇಲಿನ ತಂಪು ಗಾಳಿ ತಗ್ಗಿನ ಮೋಡದ ಪದರವನ್ನು ರಾತ್ರಿಯಿಡೀ ಒಳನಾಡಿಗೆ ತಳ್ಳುತ್ತಿರುತ್ತದೆ. ಬೆಳಿಗ್ಗೆ ಬೂದು ಬಣ್ಣದ ಆಕಾಶ, ಮಧ್ಯಾಹ್ನದ ನಂತರವೇ ಬಿಸಿಲು, ಕೆಲವು ದಿನ ಅದೂ ಇಲ್ಲ. ಜುಲೈ ನಾಲ್ಕರ ಹಬ್ಬ ಕಳೆದ ಮೇಲೆಯೇ ಬೇಸಿಗೆ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ಬೆಂಗಳೂರಿನ ಮೇ ತಿಂಗಳ ಧಗೆಯಿಂದ ನೇರವಾಗಿ ಇಲ್ಲಿಗೆ ಬರುವ ಹಿರಿಯರ ಪೆಟ್ಟಿಗೆಯಲ್ಲಿ ಸ್ವೆಟರು, ಕಾಲುಚೀಲ, ಶಾಲು ಇರಲೇಬೇಕು.

ಜುಲೈ ಮತ್ತು ಆಗಸ್ಟ್ ನಿಜಕ್ಕೂ ಸೊಗಸಾದ ತಿಂಗಳುಗಳು. ಹಗಲಿನ ಗರಿಷ್ಠ ತಾಪಮಾನ ಸಾಮಾನ್ಯವಾಗಿ 25 ಅಥವಾ 26 ಡಿಗ್ರಿ ಸೆಲ್ಸಿಯಸ್, ರಾತ್ರಿ 14ರ ಆಸುಪಾಸು. ಜುಲೈ ಮೊದಲ ವಾರಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ನಂತರ. ಮಧ್ಯಾಹ್ನದ ಗಾಳಿ ಒಣಗಿರುವುದರಿಂದ ಬಾಲ್ಕನಿಯಲ್ಲಿ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟರೆ ಚೆನ್ನಾಗಿ ಒಣಗುತ್ತದೆ. ಸಂಜೆ ಮಾತ್ರ ಮರೆಯದೆ ಒಳಗೆ ತರಬೇಕು, ಏಕೆಂದರೆ ಬೆಳಗಿನ ಜಾವದ ತಂಪಿಗೆ ಅದು ಮತ್ತೆ ಮೆತ್ತಗಾಗುತ್ತದೆ.

ಈ ಹಿತವಾದ ಬೇಸಿಗೆಯ ನಡುವೆ ಮೂರು ಅಪಾಯಗಳಿವೆ. ಮೊದಲನೆಯದು ಹಠಾತ್ತನೆ ಬರುವ ಬಿಸಿಗಾಳಿ. ಕಡಲ ಕಡೆಯಿಂದ ಬೀಸುವ ಗಾಳಿ ನಿಂತು, ಪೂರ್ವದ ಗಾಳಿ ಕ್ಯಾಸ್ಕೇಡ್ ಪರ್ವತಗಳನ್ನು ಇಳಿದು ಬರುವಾಗ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ. 2021ರ ಜೂನ್ 28ರಂದು ಸಿಯಾಟಲ್‌ನಲ್ಲಿ 42 ಡಿಗ್ರಿ ದಾಟಿತು. ಮರುದಿನ ಗಡಿಯಾಚೆ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದ ಲಿಟ್ಟನ್‌ನಲ್ಲಿ 49.6 ಡಿಗ್ರಿ ದಾಖಲಾಯಿತು, ಅದರ ಮರುದಿನ ಆ ಊರು ಬೆಂಕಿಗೆ ತುತ್ತಾಯಿತು. ಆ ಒಂದು ಪ್ರಾಂತ್ಯದಲ್ಲಿಯೇ 619 ಮಂದಿ ಬಿಸಿಲಿನಿಂದ ಸತ್ತರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಸತ್ತದ್ದು ತಮ್ಮ ಮನೆಗಳ ಒಳಗೆ. ರಾಯಚೂರಿನ ಬಿಸಿಲು ಕಂಡವರಿಗೆ ಇದೇನು ಮಹಾ ಎಂದು ಯಾರೂ ಭಾವಿಸಬಾರದು. ಇಲ್ಲಿಯ ಮನೆಗಳನ್ನು ಶಾಖ ಹೊರಹೋಗದಂತೆ ಕಟ್ಟಿರುತ್ತಾರೆ, ಫ್ಯಾನು ಇರುವುದಿಲ್ಲ, ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಎಸಿಯೂ ಇರುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಮೇಲ್ಮಹಡಿಯ ಮನೆಯಲ್ಲಿ ಸಂಜೆ ಏಳಕ್ಕೂ ಬಿಸಿಲು ನೇರವಾಗಿ ಕೋಣೆಗೆ ಹೊಡೆಯುತ್ತಿರುತ್ತದೆ. ಅಂತಹ ಮನೆಯಲ್ಲಿ ಮಗುವೋ ಹಿರಿಯರೋ ಇದ್ದರೆ ಮೇ ತಿಂಗಳಲ್ಲೇ ಎಸಿ ಕೊಂಡಿಡಿ. ಪಕ್ಕಕ್ಕೆ ಜಾರುವ ಕಿಟಕಿಗಳಿಗೆ ಸಾಮಾನ್ಯ ಕಿಟಕಿ ಎಸಿ ಕೂರುವುದಿಲ್ಲವಾದ್ದರಿಂದ ಕೊಳವೆಯಿರುವ ಪೋರ್ಟಬಲ್ ಎಸಿಯೇ ಬೇಕಾಗುತ್ತದೆ, ಮತ್ತು ಬಿಸಿಲಿನ ಎಚ್ಚರಿಕೆ ಬಂದ ಮೇಲೆ ಅಂಗಡಿಯಲ್ಲಿ ಅದು ಸಿಗುವುದು ಕಷ್ಟ. ಬಿಸಿಲಿನ ಅಪಾಯವನ್ನು ಬಣ್ಣಗಳಲ್ಲಿ ತೋರಿಸುವ ನ್ಯಾಷನಲ್ ವೆದರ್ ಸರ್ವಿಸ್‌ನ ಹೀಟ್‌ರಿಸ್ಕ್ ನಕ್ಷೆಯಲ್ಲಿ ಕೆಂಪು ಬಣ್ಣ ಕಂಡರೆ ರಾತ್ರಿ ಕಿಟಕಿಗಳನ್ನು ತೆರೆದಿಟ್ಟು, ಬೆಳಿಗ್ಗೆ ಹೊರಗೆ ಕಾಯುವ ಮುನ್ನವೇ ಮುಚ್ಚಿ ಪರದೆ ಎಳೆಯಿರಿ.

ಎರಡನೆಯದು ನೀರು, ನನ್ನ ಮಟ್ಟಿಗೆ ಅತ್ಯಂತ ದೊಡ್ಡ ಅಪಾಯವೇ ಇದು. ಮೇ, ಜೂನ್‌ನ ಮೊದಲ ಬಿಸಿ ದಿನಗಳಲ್ಲಿ ಗಾಳಿ 30 ಡಿಗ್ರಿ ಇದ್ದರೂ ಸ್ನೊಕ್ವಾಲ್ಮಿ, ಸ್ಕೈಕೊಮಿಶ್ ನದಿಗಳಲ್ಲಿ ಹರಿಯುವುದು ಆಗಷ್ಟೇ ಕರಗಿದ ಹಿಮದ ನೀರು. ಪ್ಯೂಜೆಟ್ ಸೌಂಡ್‌ನ ಕಡಲ ನೀರು ನಡುಬೇಸಿಗೆಯಲ್ಲೂ ಬಹುಪಾಲು ಕಡೆ 10ರಿಂದ 13 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದೊಡನೆ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನಡಿ ಇದ್ದರೆ ನೀರೇ ಒಳಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಕೆರೆಯಲ್ಲಿ, ಹೊಳೆಯಲ್ಲಿ ಈಜಿ ಬೆಳೆದವರಿಗೂ ಇದು ತಪ್ಪಿದ್ದಲ್ಲ. ಈಜುವ ಆಸೆಯಿದ್ದರೆ ಆಗಸ್ಟ್‌ವರೆಗೆ ಕಾದು, ಜೀವರಕ್ಷಕರಿರುವ ಕೆರೆದಂಡೆಗೆ ಹೋಗಿ. ದೋಣಿ ಏರಿದರೆ ಲೈಫ್ ಜಾಕೆಟ್ ತೊಟ್ಟೇ ಏರಿ. ಫೋಟೋಕ್ಕಾಗಿ ನದಿಯ ಬಂಡೆಗಳ ಮೇಲೆ ನಿಲ್ಲುವುದನ್ನು ದಯವಿಟ್ಟು ಬಿಡಿ.

ಬೆಟ್ಟಗಳ ಬೇಸಿಗೆ ನಗರದ ಬೇಸಿಗೆಗಿಂತ ತಿಂಗಳಾದರೂ ಹಿಂದಿರುತ್ತದೆ. ಮೌಂಟ್ ರೇನಿಯರ್‌ನ ಪ್ಯಾರಡೈಸ್ 1,646 ಮೀಟರ್ ಎತ್ತರದಲ್ಲಿದ್ದು, ವರ್ಷಕ್ಕೆ ಸರಾಸರಿ 16 ಮೀಟರ್ ಹಿಮ ಬೀಳುವ ಆ ಜಾಗದ ಕಾಲುದಾರಿಗಳಲ್ಲಿ ಜುಲೈ ನಡುವಿನವರೆಗೂ ಹಿಮ ಉಳಿದಿರುತ್ತದೆ. ಹೂವು ನೋಡಬೇಕೆಂದರೆ ಆಗಸ್ಟ್ ಮೊದಲ ವಾರಗಳೇ ಸರಿ. ಇನ್ನು ಒಲಿಂಪಿಕ್ ಪರ್ವತಗಳ ಪಶ್ಚಿಮಕ್ಕಿರುವ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾದರೆ, ಅದೇ ಪರ್ವತಗಳ ಮಳೆ ನೆರಳಿನಲ್ಲಿರುವ ಸ್ಕ್ವಿಮ್ ಊರಿನಲ್ಲಿ ಸುಮಾರು 400 ಮಾತ್ರ. ಆಗುಂಬೆಯನ್ನೂ ಚಳ್ಳಕೆರೆಯನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನ ಮೋಡದಿಂದ ಬೇಸತ್ತ ಶನಿವಾರ ಸ್ನೊಕ್ವಾಲ್ಮಿ ಘಾಟಿ ದಾಟಿ ಪೂರ್ವದ ಎಲೆನ್ಸ್‌ಬರ್ಗ್ ಕಡೆಗೆ ಹೋದರೆ ಹೆಚ್ಚಿನಂಶ ಬಿಸಿಲು ಸಿಗುತ್ತದೆ.

ಮೂರನೆಯ ಅಪಾಯ ಕಾಡ್ಗಿಚ್ಚಿನ ಹೊಗೆ. ಇದರ ಕಾಲ ಆಗಸ್ಟ್, ಸೆಪ್ಟೆಂಬರ್; ಮಳೆ ತಡವಾದರೆ ಇನ್ನೂ ಮುಂದೆ. 2020ರ ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ಹೊಗೆ ಕವಿದಿತ್ತು. 2022ರಲ್ಲಿ ಸೆಪ್ಟೆಂಬರ್ ಹತ್ತರಂದು ಹೊತ್ತಿದ ಬೋಲ್ಟ್ ಕ್ರೀಕ್ ಬೆಂಕಿ ಆರದೆ ಉಳಿದು, ಅಕ್ಟೋಬರ್ 19, 20ರ ಹೊತ್ತಿಗೆ ಸಿಯಾಟಲ್‌ನ ಗಾಳಿ ಜಗತ್ತಿನ ದೊಡ್ಡ ನಗರಗಳಲ್ಲೇ ಅತ್ಯಂತ ಕೆಟ್ಟದ್ದಾಗಿತ್ತು. ಏರ್‌ನೌ ಆ್ಯಪ್‌ನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 100 ದಾಟಿದರೆ ಅಸ್ತಮಾ ಇರುವವರು, ಗರ್ಭಿಣಿಯರು, ಹಿರಿಯರು, ಮಕ್ಕಳು ಹೊರಗಿನ ಓಡಾಟ ಕಡಿಮೆ ಮಾಡಬೇಕು. 150 ದಾಟಿದರೆ ಎಲ್ಲರೂ. ಬಟ್ಟೆಯ ಮಾಸ್ಕು ಈ ಸೂಕ್ಷ್ಮ ಕಣಗಳನ್ನು ತಡೆಯದು, ಎನ್95 ಬೇಕು. ಚೌಕಾಕಾರದ ಬಾಕ್ಸ್ ಫ್ಯಾನಿನ ಹಿಂಬದಿಗೆ ಸೂಕ್ಷ್ಮ ಕಣಗಳನ್ನು ಸೋಸುವ ಮರ್ವ್ 13 ದರ್ಜೆಯ ಫಿಲ್ಟರನ್ನು ಟೇಪಿನಿಂದ ಅಂಟಿಸಿದರೆ ಮಲಗುವ ಕೋಣೆಗೆ ಸಾಕಾಗುವಷ್ಟು ಗಾಳಿ ಶುದ್ಧವಾಗುತ್ತದೆ. ಫಿಲ್ಟರಿನ ಮೇಲಿರುವ ಬಾಣದ ಗುರುತು ಫ್ಯಾನಿನ ಕಡೆಗೆ ಇರಲಿ, ಬೂದು ಬಣ್ಣಕ್ಕೆ ತಿರುಗಿದ ಮೇಲೆ ಬದಲಾಯಿಸಿ, ಮತ್ತು ಅಕ್ಟೋಬರ್‌ನಲ್ಲಿ ಎರಡು ಮೂರು ದಿನ ಬಿಡದೆ ಮಳೆ ಸುರಿಯುವವರೆಗೆ ಅದನ್ನು ಅಟ್ಟಕ್ಕೆ ಏರಿಸಬೇಡಿ.