ತಾರಸಿಯಲ್ಲಿ ತರಕಾರಿ: ಸೊಪ್ಪಿನಿಂದ ಆರಂಭಿಸಿ, ಖರ್ಚನ್ನು ಬರೆದಿಡಿ

2023ರ ಜುಲೈನಲ್ಲಿ ಟೊಮೇಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ, ಬೆಂಗಳೂರಿನ ನಮ್ಮ ಬೀದಿಯೊಂದರಲ್ಲೇ ನಾಲ್ಕೈದು ಮನೆಗಳ ತಾರಸಿಯ ಮೇಲೆ ಟೊಮೇಟೊ ಸಸಿಗಳು ಕಾಣಿಸಿಕೊಂಡವು. ನೆಟ್ಟ ಸಸಿಯಿಂದ ಹಣ್ಣು ಕೀಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಸೆಪ್ಟೆಂಬರ್ ಬರುವ ಹೊತ್ತಿಗೆ ಮಂಡಿಯಲ್ಲಿ ಬೆಲೆ ನೆಲಕಚ್ಚಿತ್ತು, ಆ ಸಸಿಗಳಲ್ಲಿ ಹೆಚ್ಚಿನವು ಎಲೆ ಮುದುಡಿಕೊಂಡು ನಿಂತಿದ್ದವು. ಮರುವರ್ಷ ಆ ಸಸಿಗಳನ್ನು ನೆಟ್ಟಿದ್ದ ಚೀಲಗಳು (ಗ್ರೋ ಬ್ಯಾಗ್) ಮಣ್ಣು ಒಣಗಿ ಮೂಲೆ ಸೇರಿದ್ದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು. ಅದೇ ಶ್ರಮವನ್ನು ಹರಿವೆ, ಮೆಂತ್ಯ, ಬಸಳೆಗಳಿಗೆ ಹಾಕಿದ್ದರೆ ಆ ತೋಟಗಳು ಇಂದಿಗೂ ಉಳಿದಿರುತ್ತಿದ್ದವು ಎಂಬುದು ನನ್ನ ದೃಢವಾದ ನಂಬಿಕೆ. ಎಂಟು ವರ್ಷಗಳಿಂದ ತಾರಸಿಯಲ್ಲಿ ತರಕಾರಿ ಬೆಳೆಯುತ್ತಿರುವ ನಾನು ಹೊಸಬರಿಗೆ ಮೊದಲು ಹೇಳುವ ಮಾತೂ ಅದೇ: ಮೊದಲ ವರ್ಷ ಸೊಪ್ಪು, ಎರಡನೆಯ ವರ್ಷ ಕಾಯಿ.

ಬೀಜ ಕೊಳ್ಳುವ ಮುನ್ನ ತಾರಸಿಯನ್ನು ನೋಡಿ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನಕವು ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನು ಲೆಕ್ಕ ಹಿಡಿಯುತ್ತದೆ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಒಂದು ಚೀಲ, ಹಗುರ ಮಿಶ್ರಣ ತುಂಬಿದ್ದರೂ, ನೀರುಂಡ ಮೇಲೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ತೂಗುತ್ತದೆ. ಚದರ ಮೀಟರಿಗೆ ನಾಲ್ಕು ಚೀಲ ಇಟ್ಟರೆ ನೂರು ಕಿಲೋ ಆಯಿತು; ಅಲ್ಲಿ ನಿಲ್ಲುವ ನಿಮ್ಮ ತೂಕವನ್ನೂ ಸೇರಿಸಿಕೊಂಡರೆ ಅದೇ ಮಿತಿ. ಆದುದರಿಂದ ಚೀಲಗಳನ್ನು ನಡುಮಧ್ಯದಲ್ಲಿ ಗುಂಪಾಗಿಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚುಗಳ ಉದ್ದಕ್ಕೆ ಜೋಡಿಸಬೇಕು. ಹಳೆಯ ಕಟ್ಟಡವಾದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು.

ನನ್ನ ಅತಿ ದೊಡ್ಡ ನಷ್ಟ ಆದದ್ದು ಇಲ್ಲಿಯೇ. ಮೊದಲ ವರ್ಷ ಚೀಲಗಳನ್ನು ನೇರವಾಗಿ ನೆಲದ ಮೇಲೆ ಇಟ್ಟಿದ್ದೆ. ಅವುಗಳ ಅಡಿಯಲ್ಲಿ ನೀರು ಆರದೆ ನಿಂತು, ಮಳೆನೀರಿನ ಕೊಳವೆಯ ಬಾಯಿಗೆ ಮಣ್ಣು ಕಟ್ಟಿಕೊಂಡು, ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ಮಲಗುವ ಕೋಣೆಯ ಚಾವಣಿಯಲ್ಲಿ ತೇವದ ಕಲೆ ಮೂಡಿತು. ದುರಸ್ತಿಗೆ ಹದಿನಾಲ್ಕು ಸಾವಿರ ರೂಪಾಯಿ ಹಿಡಿಯಿತು, ಅಂದರೆ ತೋಟಕ್ಕೆ ಅದುವರೆಗೆ ಹಾಕಿದ್ದ ಹಣಕ್ಕಿಂತ ಹೆಚ್ಚು. ಎರಡು ಸಾಲು ಇಟ್ಟಿಗೆಯ ಮೇಲಾಗಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲಾಗಲಿ ಚೀಲಗಳು ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಅಡಿಯಲ್ಲಿ ಪೊರಕೆ ಆಡುವಂತಿರಬೇಕು. ಕೊಳವೆಯ ಬಾಯಿಗೆ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ತೊಳೆಯಿರಿ.

ಮಣ್ಣಿನ ಮಿಶ್ರಣಕ್ಕೆ ಹಲವು ಸೂತ್ರಗಳಿವೆ. ನಾನು ಉಳಿಸಿಕೊಂಡಿರುವುದು ಸಮಭಾಗ ಕೆಮ್ಮಣ್ಣು, ಸಮಭಾಗ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಮಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮತ್ತು ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಕೆಮ್ಮಣ್ಣನ್ನು ಕೊಳ್ಳುವಾಗ ಒಂದು ಹಿಡಿ ಕೈಯಲ್ಲಿ ಹಿಸುಕಿ ನೋಡಿ, ಏಕೆಂದರೆ ನಾನು ಒಮ್ಮೆ ತರಿಸಿದ ಮೂಟೆಗಳಲ್ಲಿ ಅರ್ಧದಷ್ಟು ಕಟ್ಟಡದ ಗಾರೆಯ ಪುಡಿಯೇ ಇತ್ತು. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿದ ಮೊದಲ ನೀರನ್ನು ಚೆಲ್ಲಿ, ಇನ್ನೆರಡು ಬಾರಿ ತೊಳೆದು ಹಿಂಡಬೇಕು. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುವುದುಂಟು. ಅದನ್ನು ತೊಳೆಯದೆ ಬಳಸಿದ ವರ್ಷ ನನ್ನ ಮೂಲಂಗಿ ಮೊಳಕೆಗಳು ಅಂಚು ಸುಟ್ಟಂತಾಗಿ ಒಂದೇ ವಾರದಲ್ಲಿ ಸತ್ತವು.

ಖರ್ಚನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲ ವರ್ಷ ಇಪ್ಪತ್ತು ಗ್ರೋ ಬ್ಯಾಗಿಗೆ 1,600 ರೂಪಾಯಿ, ಐದು ಮೂಟೆ ಕೆಮ್ಮಣ್ಣಿಗೆ 500, ಎಂಬತ್ತು ಕಿಲೋ ಎರೆಗೊಬ್ಬರಕ್ಕೆ 960, ಕೋಕೋಪೀಟಿಗೆ 400, ಬೇವಿನ ಹಿಂಡಿಗೆ 250, ನಂತರ ಕೊಂಡ ಸ್ಟ್ಯಾಂಡಿಗೆ 2,000, ನೆರಳು ಬಲೆಗೆ 1,500, ಪೈಪು ಮತ್ತು ಗಿಡಕ್ಕೆ ನೀರು ಹಾಕುವ ಡಬ್ಬಿಗೆ 700, ಬೀಜಕ್ಕೆ 400, ಬೇವಿನ ಎಣ್ಣೆಗೆ 300 ಸೇರಿ 8,610 ರೂಪಾಯಿ ಆಯಿತು. ಆ ವರ್ಷ ಕೊಯ್ದ ಎಲ್ಲವನ್ನೂ ಅಂದಂದಿನ ತಳ್ಳುಗಾಡಿಯ ಬೆಲೆಯಲ್ಲಿ ಬರೆದಿಟ್ಟಾಗ ಬಂದದ್ದು 2,900 ರೂಪಾಯಿ. ಚಾವಣಿಯ ದುರಸ್ತಿಯನ್ನು ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಮುಂದಿನ ವರ್ಷಗಳಲ್ಲಿ ಗೊಬ್ಬರ, ಬೀಜ, ಹರಿದ ಚೀಲಗಳ ಬದಲಿ ಎಂದು ವರ್ಷಕ್ಕೆ ಎರಡು ಸಾವಿರದ ಒಳಗೆ ಮುಗಿಯುತ್ತಿದ್ದು, ಅಡುಗೆಮನೆಯ ಹಸಿ ಕಸವನ್ನು ಒಣ ಎಲೆಯೊಂದಿಗೆ ಪದರ ಪದರವಾಗಿ ಹಾಕಿ ಗೊಬ್ಬರ ಮಾಡಲು ಕಲಿತ ಮೇಲೆ ಅದೂ ಇಳಿದಿದೆ. ಲೆಕ್ಕದ ಪುಸ್ತಕ ನನಗೆ ಕಲಿಸಿದ ಮುಖ್ಯ ಸಂಗತಿಯೆಂದರೆ, ಆ 2,900ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಂದದ್ದು ಸೊಪ್ಪು, ಕರಿಬೇವು, ಹಸಿಮೆಣಸಿನಕಾಯಿಗಳಿಂದ. ಹತ್ತು ಚೀಲಗಳನ್ನು ಆಕ್ರಮಿಸಿಕೊಂಡಿದ್ದ ಟೊಮೇಟೊ ಮತ್ತು ಹೂಕೋಸಿನಿಂದ ಬಂದದ್ದು ತೀರ ಕಡಿಮೆ.

ಸೊಪ್ಪಿಗೆ ಆಳವಾದ ಚೀಲ ಬೇಡ. ಆರರಿಂದ ಎಂಟು ಇಂಚು ಮಣ್ಣಿರುವ ಅಗಲವಾದ ಟ್ರೇ ಅಥವಾ ಒಡೆದ ಬಕೆಟ್ಟು ಸಾಕು. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಮೂರು ನಾಲ್ಕು ವಾರದಲ್ಲಿ ಕೀಳಬಹುದು. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದಾದ್ದರಿಂದ ಅದನ್ನು ಒಂದು ಹಿಡಿ ಮರಳಿನೊಂದಿಗೆ ಬೆರೆಸಿ ಎರಚಿ, ಕೈಯಿಂದ ನೀರು ಚಿಮುಕಿಸಬೇಕು. ಪೈಪಿನ ನೀರು ಬಿಟ್ಟರೆ ಬೀಜವೆಲ್ಲ ಒಂದು ಮೂಲೆಗೆ ಹೋಗುತ್ತದೆ. ಒಂದು ತಿಂಗಳಲ್ಲಿ ಒತ್ತಾದ ಗಿಡಗಳನ್ನು ಬೇರುಸಹಿತ ಕಿತ್ತು ಸಾರಿಗೆ ಹಾಕಿ, ಉಳಿದವನ್ನು ದಂಟಾಗಲು ಬಿಡಿ. ಪಾಲಕ್ಕಿನ ಹೊರ ಎಲೆಗಳನ್ನು ಮಾತ್ರ ಕೊಯ್ಯುತ್ತಾ ಹೋದರೆ ಒಂದೇ ಬಿತ್ತನೆಯಿಂದ ನಾಲ್ಕೈದು ಬಾರಿ ಸಿಗುತ್ತದೆ. ಬಸಳೆಗೆ ಬೀಜವೂ ಬೇಡ, ಒಂದು ಗೇಣು ಬಲಿತ ಕಡ್ಡಿಯನ್ನು ಚುಚ್ಚಿ ಚಪ್ಪರ ತೋರಿಸಿದರೆ ಆಯಿತು. ಎಲ್ಲವನ್ನೂ ಒಂದೇ ದಿನ ಬಿತ್ತುವುದು ಹೊಸಬರ ಸಾಮಾನ್ಯ ತಪ್ಪು. ಹತ್ತು ಹದಿನೈದು ದಿನಕ್ಕೊಮ್ಮೆ ಒಂದೊಂದು ಟ್ರೇ ಬಿತ್ತಿದರೆ ಮಾತ್ರ ವಾರಕ್ಕೆರಡು ಬಾರಿ ಬಸ್ಸಾರಿಗೋ ಮಸ್ಸೊಪ್ಪಿಗೋ ಸಾಲುವಷ್ಟು ನಿರಂತರವಾಗಿ ಸಿಗುತ್ತದೆ. ಸತತ ಮಳೆಯಲ್ಲಿ ಮಾರುಕಟ್ಟೆಯ ಸೊಪ್ಪು ಕೊಳೆತು ಕಟ್ಟಿನ ಬೆಲೆ ಏರುವ ದಿನಗಳಲ್ಲಿ ಈ ಟ್ರೇಗಳ ಬೆಲೆ ತಿಳಿಯುತ್ತದೆ. ಮಳೆಯ ಹೊಡೆತಕ್ಕೆ ಸಸಿ ಮಲಗದಂತೆ ಅವುಗಳ ಮೇಲೆ ನೆರಳು ಬಲೆ ಇರಲಿ.

ಎರಡನೆಯ ವರ್ಷ ಕಾಯಿಗೆ ಕೈಹಾಕುವಾಗ ತಳಿಯನ್ನು ನೋಡಿ ಆರಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ನಮ್ಮ ಹವೆಗೆ ಹೊಂದುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ ಹಳದಿ ನಂಜು ರೋಗವನ್ನು ತಡೆಯುವುದಕ್ಕೆಂದೇ ರೂಪಿಸಿದ ತಳಿ. ಟೊಮೇಟೊದಲ್ಲಿ ಅರ್ಕಾ ರಕ್ಷಕ್ ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ಎದುರಿಸುತ್ತದೆ, ಆದರೆ ಅದು ಸಂಕರಣ ತಳಿಯಾದ್ದರಿಂದ ಅದರ ಹಣ್ಣಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಟೊಮೇಟೊ ಸಸಿಯನ್ನು ಬೇಸಿಗೆಯಲ್ಲಿ ನೆಡಬೇಡಿ. ಆಗ ಎಲೆ ಮುದುಡು ರೋಗ ಹರಡುವ ಬಿಳಿ ನೊಣದ ಕಾಟ ಹೆಚ್ಚು, ಬಿಸಿಲಿಗೆ ಹೂವೂ ಉದುರುತ್ತದೆ. ಕಾಯಿಯ ತುದಿ ಕಪ್ಪಾಗಿ ಗುಳಿ ಬಿದ್ದರೆ ಅದು ರೋಗವಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನೀರಿನ ಏರುಪೇರಿನಿಂದ ಗಿಡಕ್ಕೆ ಸುಣ್ಣದಂಶ ತಲುಪದೆ ಹಾಗಾಗುತ್ತದೆ, ಔಷಧಿ ಹೊಡೆದು ಪ್ರಯೋಜನವಿಲ್ಲ.

ಸೋರೆ, ಹೀರೆ, ಹಾಗಲ, ಕುಂಬಳಗಳು ನಗರದಲ್ಲಿ ಹೂ ಬಿಟ್ಟೂ ಕಾಯಿ ಕಚ್ಚದಿರುವುದು ಬಹುಮಂದಿಯನ್ನು ನಿರಾಶೆಗೊಳಿಸುತ್ತದೆ. ಇವುಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಪರಾಗ ಒಯ್ಯುವ ಕೀಟಗಳು ಮೂರನೆಯ ಮಹಡಿಗೆ ಬಾರದಿದ್ದರೆ, ಗಂಡು ಹೂವನ್ನು ಕಿತ್ತು ಎಸಳು ಸುಲಿದು, ಹೆಣ್ಣು ಹೂವಿನ ನಡುವಿಗೆ ನಾವೇ ಮೃದುವಾಗಿ ಸವರಬೇಕು. ಇಲ್ಲಿ ಹೊತ್ತು ಮುಖ್ಯ. ಕುಂಬಳ, ಹಾಗಲಗಳ ಹೂ ಬೆಳಗ್ಗೆ ಅರಳಿದರೆ, ಸೋರೆ ಮತ್ತು ಹೀರೆಯ ಹೂ ಸಂಜೆ ಅರಳುತ್ತದೆ. ಇದು ತಿಳಿಯದೆ ನಾನು ಒಂದು ಇಡೀ ಋತು ಬೆಳಗ್ಗೆ ಆರಕ್ಕೆ ಎದ್ದು ಸೋರೆಯ ಬಾಡಿದ ಹೂಗಳನ್ನು ಸವರಿದೆ, ಒಂದೂ ಕಾಯಿ ನಿಲ್ಲಲಿಲ್ಲ. ಸಂಜೆ ಆರೂವರೆಗೆ ಸವರಲು ಆರಂಭಿಸಿದ ಮೇಲೆ ಅದೇ ಬಳ್ಳಿಯಲ್ಲಿ ಏಳು ಸೋರೆಕಾಯಿ ಕೊಯ್ದೆ.

ಹುಳುಗಳಿಗೆ ಔಷಧಿಗಿಂತ ಕಣ್ಣು ಮುಖ್ಯ: ದಿನವೂ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಬೇಕು. ಸಸ್ಯಹೇನು, ಬಿಳಿ ನೊಣಗಳಿಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಎಲೆಯಡಿಗೆ ತಾಗುವಂತೆ ಸಿಂಪಡಿಸಿ, ವಾರ ಬಿಟ್ಟು ಮತ್ತೆ ಹೊಡೆಯಿರಿ. ಹಿಟ್ಟು ತಿಗಣೆ ಕಂಡಲ್ಲಿ ಇರುವೆಯ ಸಾಲನ್ನು ಹುಡುಕಿ ತಡೆಯಿರಿ, ಏಕೆಂದರೆ ಅವನ್ನು ಕಾಯ್ದುಕೊಳ್ಳುವುದು ಇರುವೆಗಳೇ. ನಂಜು ರೋಗ ಬಂದ ಗಿಡವನ್ನು ಮರುಕವಿಲ್ಲದೆ ಕಿತ್ತು ಹಾಕಬೇಕು. ಅದನ್ನು ಉಳಿಸಲು ಹೋಗಿ ನಾನು ಸಾಲು ಬೆಂಡೆಯನ್ನೇ ಕಳೆದುಕೊಂಡಿದ್ದೇನೆ.

ನೀರಿನ ವಿಷಯದಲ್ಲಿ ಬೆಂಗಳೂರಿನವರು ಹೊಣೆಯರಿತು ನಡೆಯಬೇಕು. 2024ರ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಇಪ್ಪತ್ತು ಚೀಲಗಳಿಗೆ ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತರಿಂದ ಮೂವತ್ತು ಲೀಟರ್ ಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಿಂದ ಅದರಲ್ಲಿ ಮೂರನೆಯ ಒಂದು ಭಾಗ ಪೂರೈಸುತ್ತದೆ. ಸಾವಿರ ಚದರ ಅಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂಬೈನೂರು ಲೀಟರಿಗೂ ಹೆಚ್ಚು ನೀರು. ಒಂದೆರಡು ಡ್ರಮ್ಮು ಇಟ್ಟು ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿದರೆ ಬೇಸಿಗೆ ಮಳೆಯೂ ಉಪಯೋಗಕ್ಕೆ ಬರುತ್ತದೆ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ಏಪ್ರಿಲಿನಲ್ಲಿ ಅರ್ಧದಷ್ಟು ಚೀಲಗಳಿಗೆ ಬಿಡುವು ಕೊಟ್ಟು, ಭರಣಿ ಮಳೆಗೆ ಮತ್ತೆ ಬಿತ್ತನೆ ಮಾಡುವುದು ನನ್ನ ಈಗಿನ ಕ್ರಮ.

ಪ್ರತಿಫಲವನ್ನು ಹಣದಲ್ಲಿ ಮಾತ್ರ ಅಳೆದರೆ ಅವರೆಯನ್ನು ಬೆಳೆಯಲು ಕಾರಣವೇ ಇರುವುದಿಲ್ಲ. ನಾಟಿ ಅವರೆಯನ್ನು ಜುಲೈ–ಆಗಸ್ಟಿನಲ್ಲಿ ಬಿತ್ತಿದರೆ, ಹಗಲು ಗಿಡ್ಡವಾಗುವವರೆಗೆ ಬರಿಯ ಎಲೆಯನ್ನೇ ತೋರಿಸುತ್ತಾ ತಿಂಗಳುಗಟ್ಟಲೆ ಚೀಲ ಹಿಡಿದು ಕೂರುತ್ತದೆ, ಸಸ್ಯಹೇನನ್ನೂ ಕರೆತರುತ್ತದೆ. ಕಾಯುವ ತಾಳ್ಮೆ ಇಲ್ಲದವರಿಗೆ ಕಾಲದ ಹಂಗಿಲ್ಲದೆ ಹೂ ಬಿಡುವ ಅರ್ಕಾ ಜಯ್ ಎಂಬ ಗಿಡ್ಡ ತಳಿ ಇದೆ. ಅದರ ಎಳೆಗಾಯಿ ಪಲ್ಯಕ್ಕೆ ಬಹಳ ಚೆನ್ನ. ಆದರೂ ನಾನು ಪ್ರತಿ ವರ್ಷ ಎರಡು ಚೀಲ ನಾಟಿ ಅವರೆಗೆ ಮೀಸಲಿಡುತ್ತೇನೆ. ಡಿಸೆಂಬರಿನ ಚಳಿಯಲ್ಲಿ ಬಲಿತ ಕಾಯಿ ಕಿತ್ತಾಗ ಬೆರಳಿಗೆ ಅಂಟುವ ಸೊಗಡು, ಕಿತ್ತ ಅರ್ಧ ಗಂಟೆಯಲ್ಲಿ ಸುಲಿದ ಕಾಳನ್ನು ನೆನೆಸಿ ಮಾಡಿದ ಹಿತಕಿದ ಬೇಳೆ ಸಾರಿನ ರುಚಿ, ಮೂಟೆಯಲ್ಲಿ ದಿನಗಟ್ಟಲೆ ಕಳೆದು ಬಂದ ಅವರೆಗೆ ಇರುವುದಿಲ್ಲ. ನಮ್ಮ ಎರಡು ಚೀಲಗಳಿಂದ ಮನೆಮಂದಿಗೆ ಸಿಗುವುದು ಎರಡು ಅಥವಾ ಮೂರು ಸಲದ ಸಾರು ಮಾತ್ರ, ಆದರೆ ಅದಕ್ಕಾಗಿ ಎಲ್ಲರೂ ಒಟ್ಟಿಗೆ ಕುಳಿತು ಕಾಳು ಹಿಸುಕುತ್ತೇವೆ.

ಬಳ್ಳಿಯ ಬುಡಕ್ಕೆ ಹತ್ತಿರದ, ತುಂಬಿದ ಹತ್ತು ಕಾಯಿಗಳನ್ನು ದಾರ ಕಟ್ಟಿ ಗುರುತಿಟ್ಟು ಕೀಳದೆ ಬಿಡಿ. ಅವು ಗಿಡದಲ್ಲಿಯೇ ಒಣಗಿ ಗಲಗಲ ಎಂದ ಮೇಲೆ ಬಿಡಿಸಿ, ಮೂರು ದಿನ ಬಿಸಿಲಿಗೆ ಹರಡಿ, ಒಣಗಿದ ಬೇವಿನ ಎಲೆಯೊಂದಿಗೆ ಗಾಜಿನ ಶೀಶೆಯಲ್ಲಿ ತುಂಬಿ, ಮೇಲೆ ತಿಂಗಳು ಮತ್ತು ವರ್ಷವನ್ನು ಬರೆದು ಅಂಟಿಸಿ. ಮುಂದಿನ ಜುಲೈಗೆ ಬೀಜದ ಖರ್ಚು ಬರೆಯಬೇಕಾಗಿಲ್ಲ.