ಹವಳದ ತೊಟ್ಟಿಗೆ ಬೆಳಕು ಎಷ್ಟಿರಬೇಕು, ಎಷ್ಟು ಹೊತ್ತು ಬೇಕು?

ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಜೀವಂತ ಹವಳ ಸಾಕುವ 150 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ನಾಲ್ಕು ವರ್ಷದ ಹಿಂದೆ ಹೊಸ ಎಲ್‌ಇಡಿ ತಂದ ದಿನವೇ ಅದನ್ನು 100%ಗೆ ಇಟ್ಟೆ. ಹವಳಕ್ಕೆ ಬಿಸಿಲು ಬೇಕಲ್ವಾ, ಜಾಸ್ತಿ ಕೊಟ್ಟರೆ ಬೇಗ ಬೆಳೆಯುತ್ತದೆ ಅಂದುಕೊಂಡಿದ್ದೆ. ಹತ್ತೇ ದಿನದಲ್ಲಿ ನನ್ನ ಹ್ಯಾಮರ್ ಹವಳ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಅದರ ಎರಡು ತಲೆಗಳು, ಅಂದರೆ ಕವಲಿನ ತುದಿಯ ಜೀವಿಗಳು, ಸತ್ತವು. ನನಗೆ ತುಂಬ ಸಂಕಟವಾಯಿತು.

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬೆಳಕಿನಿಂದ ಮಾಡುವ ಸಕ್ಕರೆಯೇ ಹವಳದ ಮುಖ್ಯ ಊಟ. ಬೆಳಕು ಒಮ್ಮೆಲೇ ಏರಿದರೆ ಪಾಚಿಗೆ ತಾಳಲು ಆಗುವುದಿಲ್ಲ, ಹವಳ ಅದನ್ನು ಹೊರಗೆ ಹಾಕುತ್ತದೆ. ಬಿಳಿಚಿದ ಹವಳ ಎಂದರೆ ಹಸಿದ ಹವಳ.

ಹಾಗಾಗಿ ಮೊದಲು ಅಳೆಯಿರಿ. ಲೈಟಿನ ಆ್ಯಪ್ ತೋರಿಸುವ ಶೇಕಡಾ ಲೆಕ್ಕಕ್ಕೆ ಬರುವುದಿಲ್ಲ. ದೀಪ ಒಂದು ಗೇಣು ಮೇಲೆ ಹೋದರೂ ಕೆಳಗೆ ಬೀಳುವ ಬೆಳಕು ಬದಲಾಗುತ್ತದೆ. ಪಾಚಿಗೆ ಉಪಯೋಗವಾಗುವ ಬೆಳಕನ್ನು (ಪಾರ್, PAR) ಅಳೆಯುವ ಪಾರ್ ಮೀಟರ್ ಬೇಕು. ದುಬಾರಿ, ಆದ್ದರಿಂದ ಹವಳ ಸಾಕುವ ಗೆಳೆಯರಿಂದ ಎರಡು ದಿನಕ್ಕೆ ಎರವಲು ತಂದರೆ ಸಾಕು. ಫೋನಿನ ಲಕ್ಸ್ ಮೀಟರ್ ನೀಲಿ ಬೆಳಕನ್ನು ತೀರಾ ಕಡಿಮೆ ತೋರಿಸುತ್ತದೆ, ಅದನ್ನು ನಂಬಬೇಡಿ. ಹವಳ ಕೂರುವ ಜಾಗದಲ್ಲೇ ಸೆನ್ಸರ್ ಹಿಡಿಯಿರಿ. ನನ್ನ ತೊಟ್ಟಿಯಲ್ಲಿ ಮರಳಿನ ಮೇಲೆ 60, ಕಲ್ಲಿನ ನಡುವೆ 110, ತುದಿಯಲ್ಲಿ 210 ಪಾರ್ ಬಂತು. ಮೆತ್ತನೆ ಮೈಯ ಹವಳಗಳಾದ ಮಶ್ರೂಮ್, ಝೋವಾಂಥಿಡ್‌ಗಳಿಗೆ 50ರಿಂದ 100 ಸಾಕು. ಹ್ಯಾಮರ್, ಟಾರ್ಚ್‌ಗೆ 80ರಿಂದ 150. ಅಕ್ರೊಪೊರಾ ಎಂಬ ಗಟ್ಟಿ ಹವಳಕ್ಕೆ 200ರಿಂದ 350. ನಾನು ಅಕ್ರೊಪೊರಾ ಇಟ್ಟಿಲ್ಲ, ತುದಿಯ ಜಾಗ ಸದ್ಯಕ್ಕೆ ಖಾಲಿ.

ಹೊಸ ಲೈಟಾದರೆ ಗುರಿಯ ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಿ, ವಾರಕ್ಕೆ 5%ರಂತೆ ಏರಿಸಿ. ಹೊಸ ಹವಳ ತಂದರೆ ಎರಡು ವಾರ ಮರಳಿನ ಮೇಲೇ ಇಡಿ. ತೀವ್ರತೆ ಏರಿಸಿದ ವಾರ ಗಂಟೆಗಳನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಹೊತ್ತಿನ ವಿಷಯ ಸುಲಭ. ನನ್ನಲ್ಲಿ ಬೆಳಗ್ಗೆ 11ಕ್ಕೆ ನೀಲಿ ಬೆಳಕು ಮೆಲ್ಲಗೆ ಏರುತ್ತದೆ, 12ರಿಂದ ರಾತ್ರಿ 8ರವರೆಗೆ ಪೂರ್ತಿ, 9ಕ್ಕೆ ಕತ್ತಲು. ಕೆಲಸ ಮುಗಿಸಿ ಬಂದಮೇಲೂ ನೋಡಲು ಸಿಗಲಿ ಅಂತ ಹೀಗೆ ಇಟ್ಟೆ. ಟೈಮರ್ ಇರಲೇಬೇಕು. ರಾತ್ರಿ ಪೂರ್ತಿ ಕತ್ತಲೆಯಿರಲಿ, ಸುಮ್ನೆ ಚೆಂದಕ್ಕೆ ಅಂತ ನೀಲಿ ದೀಪ ಬಿಡಬೇಡಿ.

ಆಮೇಲೆ ಹವಳವನ್ನೇ ನೋಡುತ್ತಿರಿ. ಕಂದು ಬಣ್ಣಕ್ಕೆ ತಿರುಗಿದರೆ, ಮೇಲಕ್ಕೆ ಚಾಚಿದರೆ ಬೆಳಕು ಸಾಲದು. ಕುಗ್ಗಿ ಬಣ್ಣ ತೆಳುವಾದರೆ ಜಾಸ್ತಿ. ಆದರೆ ತಕ್ಷಣ ಲೈಟ್ ಇಳಿಸಬೇಡಿ, ನೀರಿನಲ್ಲಿರುವ ಪೋಷಕಾಂಶಗಳಾದ ನೈಟ್ರೇಟ್ ಮತ್ತು ಫಾಸ್ಫೇಟ್ ಎಷ್ಟಿವೆ ನೋಡಿ. ಅವು ಸೊನ್ನೆಗೆ ಬಂದರೂ ಹವಳ ಹೀಗೇ ಬಿಳಿಚುತ್ತದೆ. ಇದನ್ನು ನಾನು ಬಹಳ ತಡವಾಗಿ ಕಲಿತೆ.

ಬೆಂಗಳೂರಿನ ತಮ್ಮನೂ ತೊಟ್ಟಿ ಇಡುತ್ತೇನೆ ಎಂದಿದ್ದಾನೆ. ಅವನಿಗೆ ಹೇಳಿದ್ದು ಒಂದೇ: ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಯಾರು ಮಾರಿದರೂ ಕೊಳ್ಳಬೇಡ.

ಇನ್ನೊಂದು. ದೀಪದ ಗಾಜಿನ ಮೇಲೆ ಉಪ್ಪಿನ ಪದರ ಕಟ್ಟುತ್ತದೆ, ತಿಂಗಳಿಗೊಮ್ಮೆ ಒರೆಸಿ. ಹಳದಿಯಾದ ನೀರಿಗೆ ಹೊಸ ಕಾರ್ಬನ್ (ನೀರನ್ನು ಶುದ್ಧಮಾಡುವ ಇದ್ದಿಲು) ಹಾಕಿದರೆ ನೀರು ತಿಳಿಯಾಗಿ ಬೆಳಕು ಒಮ್ಮೆಗೆ ಏರುತ್ತದೆ. ಅವತ್ತೇ ದೀಪವನ್ನು ಸ್ವಲ್ಪ ಇಳಿಸಿ, ನಾಲ್ಕೈದು ದಿನದಲ್ಲಿ ಮತ್ತೆ ಏರಿಸಿ.